ತಾಯಿಯ ಗಂಡನ ಹೆಸರು

ದೇಶವನ್ನು ತಾಯಿ ಮಾಡುವ ಕೆಲಸವನ್ನು ನಾನು ಮೂವತ್ತು ವರ್ಷ ಮಾಡಿದ್ದೇನೆ. ಹೊಟ್ಟೆಪಾಡಿಗೆ ಕನ್ನಡ ಮಾಸ್ತರ. ಶಿರೋಳದ ಶಾಲೆಯಲ್ಲಿ ಪಾಠ ಹೇಳಿ, ನಿವೃತ್ತನಾಗಿ, ಈಗ ನರಗುಂದದಲ್ಲಿ ಗುಡ್ಡದ ಬುಡದ ಓಣಿಯೊಂದರಲ್ಲಿದ್ದೇನೆ. ಆದರೆ ಊರು ನನ್ನನ್ನು ಬಲ್ಲದ್ದು ಪಾಠದಿಂದಲ್ಲ, ಹಾಡಿನಿಂದ. ಆಗಸ್ಟ್ ಹದಿನೈದು, ನವೆಂಬರ್ ಒಂದು, ಜನವರಿ ಇಪ್ಪತ್ತಾರು ಹತ್ತಿರ ಬಂದವೆಂದರೆ ರೋಣದಿಂದ, ಗಜೇಂದ್ರಗಡದಿಂದ, ಹೊಳೆಆಲೂರಿನಿಂದ ಫೋನು ಬರುತ್ತದೆ.

"ಮಾಸ್ತರ್ರ, ತಾಯಿ ಮ್ಯಾಲೊಂದು ಹಾಡು ಬೇಕಾಗಿತ್ರಿ."

ಯಾವ ತಾಯಿ ಎಂದು ನಾನು ಕೇಳುವುದಿಲ್ಲ. ತಾರೀಖು ಕೇಳಿದರೆ ಸಾಕು. ನವೆಂಬರಾದರೆ ಕನ್ನಡದ ತಾಯಿ, ಉಳಿದ ಎರಡಕ್ಕೆ ಭಾರತದ ತಾಯಿ. ಕಿರೀಟ ಒಂದೇ, ಬಾವುಟದ ಬಣ್ಣ ಮಾತ್ರ ಬೇರೆ. ತಲೆಗೆ ಹಿಮದ ಮುಕುಟ ಇಡುತ್ತೇನೆ, ಪಾದಕ್ಕೆ ಕಡಲಿನಿಂದ ನೀರು ಹಾಕಿಸುತ್ತೇನೆ. ಹಿಮಾಲಯವನ್ನು ನಾನು ನೋಡಿಲ್ಲ. ಕಡಲನ್ನು ಒಮ್ಮೆ ಗೋಕರ್ಣದಲ್ಲಿ, ಅಪ್ಪನ ಅಸ್ಥಿ ಬಿಡಲು ಹೋದಾಗ ನೋಡಿದ್ದೆ. ಅದೂ ಕಣ್ಣು ತುಂಬಿದ್ದರಿಂದ ಸರಿಯಾಗಿ ಕಾಣಲಿಲ್ಲ. ಹಾಡಿಗೆ ಇದರಿಂದ ಯಾವ ಕೊರತೆಯೂ ಆಗಿಲ್ಲ. ಹಾಡಿಗೆ ಪ್ರತಿಯಾಗಿ ಒಂದು ಶಾಲು, ಒಂದು ತೆಂಗಿನಕಾಯಿ ಸಿಗುತ್ತವೆ. ಕಾಯಿ ಮರುದಿನವೇ ಚಟ್ನಿಯಾಗುತ್ತದೆ. ಶಾಲುಗಳನ್ನು ನನ್ನ ಹೆಂಡತಿ ಜೋಳದ ಚೀಲಗಳಿಗೆ ಹೊದಿಸುತ್ತಾಳೆ. ನಮ್ಮ ಮನೆಯ ಜೋಳಕ್ಕೆ ಆಗಿರುವಷ್ಟು ಸನ್ಮಾನ ಈ ಸೀಮೆಯಲ್ಲಿ ಯಾವ ಕವಿಗೂ ಆಗಿಲ್ಲ.

ಒಂದೊಂದು ಊರಿನ ತಾಯಿಗೂ ಒಂದೊಂದು ಬೇಡಿಕೆ. ಗಜೇಂದ್ರಗಡದವರಿಗೆ ತಾಯಿಯ ಸೀರೆ ತಮ್ಮ ಊರಿನ ಮಗ್ಗದ್ದೇ ಆಗಿರಬೇಕು, ಅದು ಹಾಡಿನಲ್ಲಿ ಬರಲೇಬೇಕು. ನಮ್ಮ ನರಗುಂದದ ವ್ಯಾಪಾರಸ್ಥರಿಗೆ ತಾಯಿಯ ಕೈಯಲ್ಲಿ ಜೋಳದ ತೆನೆ, ಗೋಧಿ ತೆನೆ, ಕಡಲೆ ಗಿಡ ಎಲ್ಲ ಇರಬೇಕು. ಎರಡೇ ಕೈ ಸಾಲದೆ ಒಂದು ವರ್ಷ ನಾನು ತಾಯಿಗೆ ನಾಲ್ಕು ಕೈ ಕೊಟ್ಟೆ. ಹೊಳೆಆಲೂರಿನವರು ಮಾತ್ರ ಒಮ್ಮೆ ಹಾಡನ್ನೇ ವಾಪಸು ಕಳಿಸಿದರು. ಮಲಪ್ರಭೆ ತಾಯಿಯ ಕೊರಳಿನ ಮುತ್ತಿನ ಹಾರ ಎಂದು ಬರೆದಿದ್ದೆ. ಅದೇ ವಾರ ಹೊಳೆ ಊರೊಳಗೆ ನುಗ್ಗಿತ್ತು. ಅವರ ಕಡೆಯಿಂದ ಒಬ್ಬ ಹಿರಿಯರು ಫೋನು ಮಾಡಿ ಬಹಳ ಸಮಾಧಾನದಿಂದ ಹೇಳಿದರು: "ಮುತ್ತಿನ ಹಾರ ಕೊರಳಾಗ ಇದ್ರ ಚಲೋ ಇತ್ರಿ ಮಾಸ್ತರ್ರ. ಸದ್ಯ ನಮ್ಮ ಅಡಗಿಮನ್ಯಾಗ ಬಂದು ಕುಂತೈತಿ."

ಈ ಹಾಡುಗಳಿಗೆಲ್ಲ ಜೀವ ಬಂದದ್ದು ನನ್ನ ತಂಗಿಯಿಂದ. ನಾನು ಬರೆದದ್ದು ಕಾಗದದ ಮೇಲೆ ಕಟ್ಟಿಗೆಯ ಹಾಗೆ ಬಿದ್ದಿರುತ್ತದೆ. ಅವಳು ಹಾಡಿದರೆ ಚಿಗುರುತ್ತದೆ. ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಹೊಳೆಆಲೂರಿಗೆ ಕೊಟ್ಟಿದ್ದೆವು. ಗಂಡ ಮೋಟಾರು ಕಟ್ಟುವವನು. ಸುಟ್ಟುಹೋದ ಪಂಪ್‌ಸೆಟ್ಟಿನ ಮೋಟಾರು ಬಿಚ್ಚಿ, ಹೊಸದಾಗಿ ತಂತಿ ಸುತ್ತಿ, ಮತ್ತೆ ತಿರುಗುವಂತೆ ಮಾಡುವ ಕಸುಬು. ಕಡಿಮೆ ಮಾತಿನ ಮನುಷ್ಯ. ಮೂವತ್ತೈದು ತುಂಬುವ ಮೊದಲೇ ಕಾಮಾಲೆಯಾಗಿ, ಎಂಟೇ ದಿನದಲ್ಲಿ ಹೋಗಿಬಿಟ್ಟ. ಮಕ್ಕಳಿರಲಿಲ್ಲ. ತಂಗಿ ನಮ್ಮ ಮನೆಗೆ ಬಂದಳು. ಅದಕ್ಕೀಗ ಹತ್ತೊಂಬತ್ತು ವರ್ಷ.

ಆ ಹತ್ತೊಂಬತ್ತು ವರ್ಷವೂ ನರಗುಂದದ ವೇದಿಕೆಯ ಮೇಲೆ ತಾಯಿಯ ದನಿ ಅವಳದು. ದನಿ ಮಾತ್ರ. ತಾಯಿಯಾಗಿ ಮುಂದೆ ನಿಲ್ಲುವವಳು ಯಾರಾದರೂ ಮುತ್ತೈದೆ. ಕಿರೀಟ, ಹಸಿರು ಬಳೆ, ಹಣೆತುಂಬ ಕುಂಕುಮ, ಕೈಯಲ್ಲಿ ಬಾವುಟ. ಅವಳು ಬಾಯಿ ಆಡಿಸುತ್ತಾಳೆ. ಪರದೆಯ ಹಿಂದೆ ಕಬ್ಬಿಣದ ಖುರ್ಚಿಯ ಮೇಲೆ ಮೈಕು ಹಿಡಿದು ಕೂತ ನನ್ನ ತಂಗಿ ಹಾಡುತ್ತಾಳೆ. ಗಂಡ ಸತ್ತವಳು ತಾಯಿಯಾಗಿ ನಿಂತರೆ ಅಪಶಕುನ ಎಂದು ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ. ಓದಿದವರು, ಹಾಗೆಲ್ಲ ಹೇಳುವುದಿಲ್ಲ. "ಧ್ವನಿಗೆ ಏನೂ ಅಡ್ಡಿಯಿಲ್ರಿ" ಎಂದಷ್ಟೇ ಹೇಳುತ್ತಾರೆ. ಕಿವಿಗೆ ಅಪಶಕುನ ತಗಲುವುದಿಲ್ಲ, ಕಣ್ಣಿಗೆ ಮಾತ್ರ ತಗಲುತ್ತದೆ ಎಂಬುದು ನಮ್ಮ ಸಮಿತಿ ಕಂಡುಹಿಡಿದ ಶಾಸ್ತ್ರ.

ಸಮಿತಿಯ ಅಧ್ಯಕ್ಷರು ಅಡತಿ ಅಂಗಡಿಯ ಸಾಹುಕಾರರು. ರೈತರು ತಂದ ಕಾಳನ್ನು ಮುಷ್ಟಿಯಲ್ಲಿ ಎತ್ತಿ ಊದಿ ನೋಡಿ ದರ ಹೇಳುವವರು. ಹಾಡನ್ನೂ ಹಾಗೇ ಊದಿ ನೋಡುತ್ತಾರೆ. ಕೆಟ್ಟವರಲ್ಲ. ದೇಶದ ಮೇಲೆ ನಿಜವಾದ ಭಕ್ತಿಯಿದೆ. ಪರದೆಯ ಹಿಂದಿನಿಂದ ತಾಯಿಯ ದನಿ ಎದ್ದಿತೆಂದರೆ ಇಡೀ ಪೆಂಡಾಲಿನಲ್ಲಿ ಮೊದಲು ಎದ್ದು ನಿಲ್ಲುವವರು ಅವರೇ. ಕೈಯಲ್ಲಿ ಚಹಾದ ಲೋಟವಿದ್ದರೂ, ಕಾಲಿನ ಚಪ್ಪಲಿ ಒಂದು ಕಡೆ ಜಾರಿದ್ದರೂ, ಆ ದನಿಗೆ ಅವರ ಮೈ ತಾನಾಗಿ ಎದ್ದು ನಿಲ್ಲುತ್ತದೆ. ಅವರನ್ನು ನೋಡಿ ಉಳಿದವರೆಲ್ಲ ಏಳುತ್ತಾರೆ. ಅದೇ ದನಿಯವಳು ಇರುವ ನನ್ನ ಮನೆಗೆ ಅವರು ಬಂದರೆ ಮಾತ್ರ ತಂಗಿ ಪಡಸಾಲೆಗೆ ಬರುತ್ತಿರಲಿಲ್ಲ. ಚಹಾ ಅಡುಗೆಮನೆಯ ಬಾಗಿಲ ತನಕ ಬರುತ್ತಿತ್ತು. ಅಲ್ಲಿಂದ ನಾನು ತಂದುಕೊಡುತ್ತಿದ್ದೆ. ಹಾಗೆಂದು ಯಾರೂ ವಿಧಿಸಿರಲಿಲ್ಲ. ಯಾರೂ ಬೇಡ ಎಂದೂ ಹೇಳಿರಲಿಲ್ಲ, ನನ್ನನ್ನೂ ಸೇರಿಸಿ.

ಕಳೆದ ಜುಲೈಯಲ್ಲಿ ಒಂದು ಸಂಜೆ ನಾನು ಆಗಸ್ಟಿನ ಹಾಡು ಬರೆಯುತ್ತ ಕೂತಿದ್ದೆ. ತಂಗಿ ಜೋಳ ಹಸನು ಮಾಡುತ್ತಿದ್ದಳು. ನಾನು ಸಾಲು ಸಾಲು ಓದಿ ಹೇಳುತ್ತಿದ್ದೆ, ಅವಳು ಗುನುಗಿ ನೋಡುತ್ತಿದ್ದಳು. "ಹಸಿರು ಬಳೆಯ ತಾಯೆ, ಹಣೆಯ ಕುಂಕುಮದಾಕೆ" ಎಂಬಲ್ಲಿ ಅವಳು ನಿಂತಳು.

"ಅಣ್ಣಾ, ಒಂದು ಮಾತು ಕೇಳ್ಲೇನು? ಈ ತಾಯಿ ಗಂಡ ಯಾರು?"

ನಾನು ನಕ್ಕೆ. "ದೇಶಕ್ಕ ಎಲ್ಲಿ ಗಂಡನವ್ವ?"

"ಹಂಗಾದ್ರ ಬಳಿ, ಕುಂಕುಮ ಯಾಕ? ಮಕ್ಕಳಂತೂ ಕೋಟಿಗಟ್ಟಲೆ ಅದಾವ. ಮೂವತ್ತು ವರ್ಷದಾಗ ನೀ ಒಂದ ಸಲನೂ ಆಕಿ ಗಂಡನ್ನ ತಂದಿಲ್ಲ. ಸತ್ತಾನೇನು, ಬಿಟ್ಟು ಹೋಗ್ಯಾನೇನು, ಏನೂ ಹೇಳಿಲ್ಲ. ಗಂಡಿಲ್ಲದ ಬಾಳೇ ಮಾಡಾಕಿ ಅಂದ್ರ ಆಕಿ ನನ್ನಂಗ ಆದ್ಲಲ್ಲ?"

ಅವಳು ಮೊರವನ್ನು ಕೆಳಗಿಟ್ಟಳು.

"ಈ ವರ್ಷ ನಾ ಮುಂದ ನಿಂತು ಹಾಡ್ತೀನಿ ಅಣ್ಣಾ. ಕಿರೀಟ ಬ್ಯಾಡ, ಬಳಿ ಬ್ಯಾಡ. ಇದ್ದಂಗ ನಿಂತು ಹಾಡ್ತೀನಿ. ಐವತ್ತಾತು. ಕಂಠ ಇನ್ನೆಷ್ಟು ದಿನ ಇದ್ದೀತು? ಸಮಿತ್ಯಾಗ ಒಂದು ಮಾತು ಕೇಳು."

ಕೇಳುತ್ತೇನೆ ಎಂದು ಮಾತು ಕೊಟ್ಟೆ. ಅವಳು ನನ್ನಲ್ಲಿ ಏನನ್ನಾದರೂ ಬೇಡಿದ್ದು ಅದೇ ಮೊದಲು. ಕೇಳಿಯೇ ತೀರುತ್ತೇನೆ ಎಂದು ನನ್ನಷ್ಟಕ್ಕೆ ಆಣೆಯನ್ನೂ ಹಾಕಿಕೊಂಡೆ.

ಸಮಿತಿಯ ಸಭೆ ಅಡತಿ ಅಂಗಡಿಯಲ್ಲೇ, ಕಡಲೆ ಚೀಲಗಳ ನಡುವೆ. ನಾನು ಹಾಡು ಓದಿದೆ. ಆ ಸಲ ಎಂದಿಗಿಂತ ಬೇರೆಯಾಗಿ, ನಮ್ಮ ಕಡೆಯ ನಿಜವಾದ ತಾಯಂದಿರನ್ನು ನೆನೆದು, ಬರಿಗಾಲಲ್ಲಿ ಹೊಲಕ್ಕೆ ಹೋಗುವ, ಮಕ್ಕಳು ಉಂಡ ಮೇಲೆ ಉಣ್ಣುವ, ಒಲೆಯ ಹೊಗೆಯ ನೆಪದಲ್ಲಿ ಕಣ್ಣೊರೆಸಿಕೊಳ್ಳುವ ತಾಯಿಯನ್ನು ಬರೆದಿದ್ದೆ. ಅಧ್ಯಕ್ಷರು ಕಣ್ಣು ಮುಚ್ಚಿ ಕೇಳಿದರು. ತೆರೆದು ಹೇಳಿದರು: "ಭಾಳ ಚಲೋ ಐತ್ರಿ. ಆದ್ರ ದೇಶ ಇಷ್ಟು ಮುಂದ ಬಂದೈತಿ, ತಾಯಿ ಬರಿಗಾಲಲೇ ಅಡ್ಡಾಡತಾಳ ಅಂದ್ರ ಹ್ಯಾಂಗ?"

"ಹಂಗಂತ ಚಪ್ಪಲಿ ಹಾಕ್ಸಾಕ ಬರ್ತೈತೇನ್ರಿ? ದೇವತಿ ಆಕಿ," ಎಂದರು ಒಬ್ಬರು. ಅರ್ಧ ತಾಸು ಚರ್ಚೆಯಾಯಿತು. ಕೊನೆಗೆ ಪಾದವನ್ನು ಕೈಬಿಟ್ಟು, ತಾಯಿಯ ವರ್ಣನೆಯನ್ನು ಕಾಲ್ಗೆಜ್ಜೆಗೇ ನಿಲ್ಲಿಸುವುದೆಂದು ತೀರ್ಮಾನವಾಯಿತು. ಮಕ್ಕಳು ಉಂಡ ಮೇಲೆ ಉಣ್ಣುವುದು ಹೋಯಿತು. ಅದು ಯಾರ ಮೇಲೋ ಟೀಕೆ ಮಾಡಿದ ಹಾಗಾಗುತ್ತದಂತೆ. ಕಣ್ಣೀರು ಹೋಯಿತು. ಸ್ವಾತಂತ್ರ್ಯ ಬಂದ ದಿವಸ ತಾಯಿ ನಗಬೇಕು. ಒಲೆಯಂತೂ ಹೋಗಲೇಬೇಕಿತ್ತು, ಈಗ ಎಲ್ಲರ ಮನೆಯಲ್ಲೂ ಗ್ಯಾಸ್ ಇದೆ. ತಾಯಿಯ ಮೈಯಿಂದ ತಾಯಿಯಾದದ್ದನ್ನೆಲ್ಲ ತೆಗೆದ ಮೇಲೆ ಕಿರೀಟವೂ ಸಿಂಹವೂ ಉಳಿದವು. ಸಿಂಹಕ್ಕೂ ತೊಂದರೆಯಿತ್ತು. ಸಿಂಹದ ವೇಷ ಊರಲ್ಲಿರಲಿಲ್ಲ. ಮೊಹರಂನಲ್ಲಿ ಹುಲಿ ಕುಣಿಯುವ ನಮ್ಮ ಓಣಿಯ ದರ್ಜಿ, "ಕೊರಳಿಗೆ ನಾರು ಕಟಗೊಂಡ್ರ ಹುಲಿನೂ ಸಿಂಹ ಆಗ್ತೈತ್ರಿ" ಎಂದು ಧೈರ್ಯ ಕೊಟ್ಟ.

ನಾನು ಎಲ್ಲ ತಿದ್ದುಪಡಿಗೂ ತಲೆಯಾಡಿಸಿದೆ. ಬಿಟ್ಟುಕೊಡುತ್ತ ಹೋದರೆ ಕೊನೆಗೆ ತಂಗಿಯ ಮಾತು ಕೇಳಲು ಗಟ್ಟಿ ನೆಲ ಸಿಗುತ್ತದೆ ಎಂದು ನನ್ನ ಲೆಕ್ಕ. ಅಂಜುಬುರುಕರ ಲೆಕ್ಕ ಯಾವಾಗಲೂ ಹೀಗೇ ಇರುತ್ತದೆ. ಕೊನೆಗೆ ಗಂಟಲು ಸರಿಮಾಡಿಕೊಂಡು ಹೇಳಿದೆ: "ಈ ಸಲ ಹಾಡಾಕಿನೇ ಮುಂದ ನಿಂತ್ರ ಹ್ಯಾಂಗಂತೀರಿ?"

ಅಧ್ಯಕ್ಷರು ನನ್ನನ್ನು ನೋಡಲಿಲ್ಲ, ಚೀಲದೊಳಗಿನ ಕಡಲೆಯನ್ನು ನೋಡಿದರು. "ನಮ್ಮ ಸೊಸಿ ಈಗಾಗಲೇ ಸೀರಿ ತಂದಾಳ್ರಿ ಮಾಸ್ತರ್ರ," ಎಂದರು. "ಅಕ್ಕಾರ ಧ್ವನಿ ಅಂತೂ ಇದ್ದ ಇರ್ತೈತಲ್ಲ."

"ಹೌದ್ರಿ, ಅದೂ ಖರೇ," ಎಂದೆ ನಾನು.

ನನ್ನ ಹೋರಾಟ ಅಷ್ಟಕ್ಕೇ ಮುಗಿಯಿತು. ಸ್ವಾತಂತ್ರ್ಯ ವೀರರ ಬಗ್ಗೆ ಮೂವತ್ತು ವರ್ಷ ಹಾಡು ಬರೆದವನು ಕಡಲೆ ಚೀಲಕ್ಕೆ ಸೋತು ಬಂದೆ. ಮನೆಯಲ್ಲಿ ತಂಗಿ ನನ್ನ ಮುಖ ನೋಡಿ, "ಇರಲಿ ಬಿಡು," ಎಂದಳು. ಒಳಗಿನಿಂದ ನನ್ನ ಹೆಂಡತಿಯೂ ನನ್ನ ಮುಖ ನೋಡಿದಳು. ಅವಳು ಏನೂ ಹೇಳಲಿಲ್ಲ. ನನ್ನ ಹೆಂಡತಿ ಏನೂ ಹೇಳದಿರುವುದು ಒಳ್ಳೆಯ ಲಕ್ಷಣವಲ್ಲವೆಂದು ಆಗಲೇ ನನಗೆ ತಿಳಿಯಬೇಕಿತ್ತು.

ಇನ್ನು ಆ ದಿನದ ಮಾತು. ಅದಕ್ಕೆ ಮೊದಲು ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ನಮ್ಮಲ್ಲಿ ಹೆಂಗಸರು ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ, ಎರಡು ಮೂರು ಸಾಲಿನ ಪ್ರಾಸ ಕಟ್ಟಿ ಅದರ ತುದಿಗೆ ಹೆಸರಿಟ್ಟು ಹೇಳುತ್ತಾರೆ. ಅದಕ್ಕೆ ಒಡಪು ಎನ್ನುತ್ತೇವೆ. ಮದುವೆಯಾಗಿ ಬಂದ ಸೊಸೆಯನ್ನು ಹೊಸ್ತಿಲಲ್ಲಿ ಆರತಿ ಹಿಡಿದು ತಡೆದು, ಒಡಪು ಹೇಳದೆ ಒಳಗೆ ಬಿಡುವುದಿಲ್ಲ. ಪಂಚಮಿಗೆ, ಸೀಮಂತಕ್ಕೆ, ಹೆಂಗಸರು ನಾಲ್ವರು ಸೇರಿದಲ್ಲೆಲ್ಲ "ಹೆಸರು ಹೇಳವ್ವ" ಎಂಬುದು ಇದ್ದೇ ಇರುತ್ತದೆ. ಅರವತ್ತು ದಾಟಿದವರೂ ನಾಚಿಕೊಳ್ಳುತ್ತ ಹೇಳುತ್ತಾರೆ. ಗಂಡ ಹೋದವಳನ್ನು ಮಾತ್ರ ಯಾರೂ ಕೇಳುವುದಿಲ್ಲ. ಅವನ ಜೊತೆ ಅವನ ಹೆಸರೂ ಅವಳ ಬಾಯಿಂದ ಹೋಗಿಬಿಡುತ್ತದೆ.

ಇದನ್ನೆಲ್ಲ ಬಲ್ಲ ನಾನೇ ಒಂದು ದಡ್ಡತನ ಮಾಡಿದ್ದೆ. ರೂಪಕಕ್ಕೆ ಕಳೆ ಬರಲೆಂದು, ತಾಯಿ ಪ್ರಜೆಗಳ ಮನೆಗೆ ಬರುತ್ತಾಳೆ ಎಂದು ಬರೆದು, ವೇದಿಕೆಯ ನಡುವೆ ನಿಜವಾದ ಬಾಗಿಲಿನ ಚೌಕಟ್ಟು ನಿಲ್ಲಿಸಿ, ಹೊಸ್ತಿಲಿಟ್ಟು, ಮಾವಿನ ತೋರಣ ಕಟ್ಟಿಸಿದೆ. ಎರಡೂ ಕಡೆ ಆರತಿ ತಟ್ಟೆ ಹಿಡಿದ ಐವರು ಮುತ್ತೈದೆಯರು. ಓಣಿಯ ಮಹಿಳಾ ಸಂಘದವರು, ಅವರ ಮುಂದಾಳು ನನ್ನ ಹೆಂಡತಿ. ತಾಲೀಮಿನಲ್ಲಿ ಆರತಿ ಇರಲಿಲ್ಲ, ಬರಿಗೈಯಲ್ಲೇ ಆಡಿಸಿದ್ದರು. ಯಾವ ತಕರಾರೂ ಬರಲಿಲ್ಲ.

ಆಗಸ್ಟ್ ಹದಿನೈದರ ಬೆಳಗ್ಗೆ ಧ್ವಜ ಏರಿತು, ಮಕ್ಕಳಿಗೆ ಪೇಢೆ ಹಂಚಿದರು, ಪೆಂಡಾಲು ತುಂಬಿತು. ಮುಖ್ಯ ಅತಿಥಿ ಒಬ್ಬ ದೊಡ್ಡ ಅಧಿಕಾರಿ. ಮೈಸೂರು ಕಡೆಯವರು, ನಮ್ಮ ಸೀಮೆಗೆ ಬಂದು ಮೂರು ತಿಂಗಳಾಗಿತ್ತು. ಪರದೆಯ ಹಿಂದಿನಿಂದ ತಂಗಿಯ ದನಿ ಎದ್ದಿತು. ಅಧ್ಯಕ್ಷರು ಎದ್ದು ನಿಂತರು, ಎಲ್ಲರೂ ಎದ್ದರು. ಸಿಂಹ ಬಂತು, ಕೊರಳ ನಾರನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಬಂತು. ಅದರ ಹಿಂದೆ ತಾಯಿ. ಅಧ್ಯಕ್ಷರ ಸೊಸೆ ಪಾಪ ಒಳ್ಳೆಯ ಹುಡುಗಿ. ರಟ್ಟಿನ ಕಿರೀಟ ಹಣೆಗೆ ಚುಚ್ಚುತ್ತಿದ್ದರೂ ನಗುತ್ತ, ಬಾಯಿ ಆಡಿಸುತ್ತ, ಹೊಸ್ತಿಲ ತನಕ ಬಂದಳು. ಮೊದಲ ನುಡಿ ಮುಗಿಯಿತು. ಎಲ್ಲರೂ ಕೂತರು.

ಆಗ ಆರತಿ ತಟ್ಟೆ ಅಡ್ಡ ಬಂತು.

"ತಡಿ ನಮ್ಮವ್ವ," ಎಂದಳು ನನ್ನ ಹೆಂಡತಿ. ಅವಳ ಗಂಟಲಿಗೆ ಮೈಕು ಬೇಕಾಗಿಲ್ಲ. "ಹೆಸರು ಹೇಳಿ ಒಳಗ ಬಾ. ಹೇಳದ ಬಿಡೂದಿಲ್ಲ."

ಹೆಂಗಸರ ಕಡೆಯಿಂದ ಒಮ್ಮೆಗೇ ಕೇಕೆ ಎದ್ದಿತು. "ಹೇಳವ್ವಾ, ಹೇಳು!" ಆರತಿ ಹಿಡಿದ ಉಳಿದ ನಾಲ್ವರೂ ಹೊಸ್ತಿಲಿಗೆ ಒತ್ತಿ ನಿಂತರು. ನಾನು ಪರದೆಯ ಮಗ್ಗುಲಲ್ಲಿ ಹಾಡಿನ ಕಾಗದ ಹಿಡಿದು ನಿಂತಿದ್ದೆ. ರೂಢಿಯ ಬಲ! ದೀಪ ಹಚ್ಚಿದ ಆರತಿ, ಹೊಸ್ತಿಲು, ಹೊಸ ಸೀರೆಯ ಹೆಣ್ಣು, ಮೂರೂ ಒಟ್ಟಿಗೆ ಕಂಡರೆ ನಮ್ಮ ಹೆಂಗಸರ ಬಾಯಿಗೆ ಇನ್ನೇನು ಬಂದೀತು? ದೇಶದ ತಾಯಿಯನ್ನು ನಡುಪೆಂಡಾಲಿನಲ್ಲಿ ನಿಲ್ಲಿಸಿ ಗಂಡನ ಹೆಸರು ಕೇಳುತ್ತಿದ್ದರು.

ಸೊಸೆ ಮೊದಲು ಮಾವನ ಕಡೆ ನೋಡಿದಳು. ಅಧ್ಯಕ್ಷರು ಬೇಡ ಬೇಡ ಎಂದು ಕೈಯಾಡಿಸಿದರು. ಸೊಸೆ ತನ್ನ ಗಂಡನ ಹೆಸರು ಹೇಳಿದರೆ ದೇಶ ಅವರ ಅಡತಿ ಅಂಗಡಿಯ ಸೊಸೆಯಾದಂತೆ. ಅಷ್ಟು ದೊಡ್ಡ ಸಂಬಂಧಕ್ಕೆ ಅವರೂ ಸಿದ್ಧರಿರಲಿಲ್ಲ. ಹುಡುಗಿ ತಬ್ಬಿಬ್ಬಾಗಿ ಹಿಂದಕ್ಕೆ, ಪರದೆಯ ಕಡೆಗೆ ನೋಡಿದಳು. ಅವಳ ಬಳಿ ಮೈಕಿರಲಿಲ್ಲ. ತಾಯಿಯ ದನಿ ಇದ್ದದ್ದು ಪರದೆಯ ಹಿಂದೆ.

ತಂಗಿ ನನ್ನನ್ನು ನೋಡಿದಳು. ಎರಡನೇ ನುಡಿ ಹಾಡಿಬಿಡು ಎಂದು ನಾನು ಕೈಸನ್ನೆ ಮಾಡಿದೆ. ಅವಳು ನನ್ನ ಕೈಯನ್ನು ನೋಡಲಿಲ್ಲ. ಖುರ್ಚಿಯಿಂದ ಎದ್ದಳು. ಹತ್ತೊಂಬತ್ತು ವರ್ಷ ಕೂತೇ ಹಾಡಿದವಳು, ಸೆರಗು ಸರಿಮಾಡಿಕೊಂಡು ನಿಂತಳು. ಮೈಕಿನಲ್ಲಿ ಒಮ್ಮೆ ಉಸಿರಿನ ಸದ್ದು ಕೇಳಿತು. ಆಮೇಲೆ ಹಾಡಲಿಲ್ಲ, ಹೇಳಿದಳು:

"ನಿಂತ ನೀರ ಹರಿಸ್ಯಾರ,
ಒಣಗಿದ ಹೊಲ ಹಸರ ಮಾಡ್ಯಾರ,
ಒಂದ ಮಾತ ಹೇಳದ ಮುಂದ ನಡದಾರ..."

ತುದಿಗೆ ಹೆಸರು ಹೇಳಿದಳು. ಸತ್ತವನ ಹೆಸರು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ, ಹೇಳುವ ಹಕ್ಕು ಅವಳದು. ಮುಂದೆ ನಿಂತ ಹುಡುಗಿ ರೂಢಿಯಂತೆ ಬಾಯಿ ಆಡಿಸಹೋಗಿ ಹೆಸರಿನ ಹೊತ್ತಿಗೆ ತಪ್ಪಿ, ಬಾಯಿ ತೆರೆದೇ ನಿಂತಳು. ಹೆಂಗಸರ ಕೇಕೆ ನಿಂತಿತು. ಓಣಿಯವರಿಗೆ ಆ ಹೆಸರು ಗೊತ್ತಿತ್ತು, ಉಳಿದವರಿಗೆ ಗೊತ್ತಿರಲಿಲ್ಲ. ನನ್ನ ಹೆಂಡತಿ ಆರತಿಯನ್ನು ಮೂರು ಸುತ್ತು ಎತ್ತಿ, "ಬಾರವ್ವ, ಒಳಗ ಬಾ," ಎಂದಳು. ಅವಳು ನೋಡುತ್ತಿದ್ದದ್ದು ಪರದೆಯನ್ನು. ಆಮೇಲೆ ಚಪ್ಪಾಳೆ ಬಿತ್ತು.

ಇಷ್ಟಕ್ಕೇ ನಿಂತಿದ್ದರೆ ಮುಚ್ಚಿಹೋಗುತ್ತಿತ್ತು. ಮುಖ್ಯ ಅತಿಥಿಗಳು ಮಾತಿಗೆ ಎದ್ದರು. ಮೈಸೂರು ಕಡೆಯವರಿಗೆ ಒಡಪು ಗೊತ್ತಿಲ್ಲ.

"ಈಗಷ್ಟೇ ತಾಯಿಯ ಬಾಯಿಂದ ಒಂದು ಹೆಸರು ಕೇಳಿದಿರಿ," ಎಂದು ಅವರು ಗದ್ಗದಿತರಾದರು. "ನಿಂತ ನೀರನ್ನು ಹರಿಸಿದ ಭಗೀರಥರು. ಒಣಗಿದ ಹೊಲವನ್ನು ಹಸಿರು ಮಾಡಿದ ಅನ್ನದಾತರು. ಒಂದು ಮಾತನ್ನೂ ಹೇಳದೆ ಮುಂದೆ ನಡೆದ ತ್ಯಾಗಿಗಳು. ಇಂಥವರು ನಮ್ಮ ಪಾಠಪುಸ್ತಕಗಳಲ್ಲಿ ಇಲ್ಲ. ನನಗೂ ಇವತ್ತಿನವರೆಗೆ ಇವರ ಪರಿಚಯ ಇರಲಿಲ್ಲ, ನಾಚಿಕೆಯಾಗುತ್ತದೆ. ಈ ಊರಿನ ಒಂದು ವೃತ್ತಕ್ಕೆ ಅವರ ಹೆಸರಿಡಬೇಕು ಎಂದು ನಾನು ಅಧ್ಯಕ್ಷರನ್ನು ಕೇಳಿಕೊಳ್ಳುತ್ತೇನೆ."

ಪೆಂಡಾಲು ಚಪ್ಪಾಳೆಯಿಂದ ತುಂಬಿಹೋಯಿತು. ಮೊದಲು ಚಪ್ಪಾಳೆ ತಟ್ಟಿದವರು ಅಧ್ಯಕ್ಷರು. ಬೇರೆ ದಾರಿ ಅವರಿಗಿರಲಿಲ್ಲ. ಪರದೆಯ ಹಿಂದೆ ನನ್ನ ತಂಗಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ಮೋಟಾರು ಕಟ್ಟುತ್ತಿದ್ದ ಗಂಡ ಕಣ್ಣೆದುರೇ ಭಗೀರಥನಾಗಿದ್ದ. ನಗುತ್ತ ನಗುತ್ತ ಅವಳಿಗೆ ಅಳು ಬಂತು, ಆಮೇಲೆ ಮತ್ತೆ ನಗು ಬಂತು. ಅವಳು ಅಷ್ಟು ನಕ್ಕದ್ದನ್ನು ನಾನು ಅವಳ ಮದುವೆಯಾದ ಹೊಸತರಲ್ಲಿ ನೋಡಿದ್ದೆ.

ಮನೆಗೆ ಬಂದು ನಾನು ಹೆಂಡತಿಯ ಮೇಲೆ ಹರಿಹಾಯ್ದೆ. "ಬುದ್ಧಿ ಐತೋ ಇಲ್ಲೋ ನಿನಗ? ಅದೇನು ಮದುವಿ ಮನ್ಯೇನು? ಆ ಹುಡುಗೀನ್ನ ಹಿಡದು ಒಡಪು ಕೇಳತಾರೇನು?"

ಅವಳು ಆರತಿ ತಟ್ಟೆಯ ಎಣ್ಣೆ ಒರೆಸುತ್ತಿದ್ದಳು. ತಲೆ ಎತ್ತಲಿಲ್ಲ.

"ನಾ ಆ ಹುಡುಗೀನ್ನ ಕೇಳಲಿಲ್ರಿ. ಆಕಿ ಗಂಡನ ಹೆಸರು ಅಂಗಡಿ ಬೋರ್ಡಿನ ಮ್ಯಾಲ ಐತಿ, ಊರ ಮಂದಿಗೆಲ್ಲ ಗೊತ್ತೈತಿ. ನಾ ಕೇಳಿದ್ದು ಪರದೆ ಹಿಂದ ಕುಂತಾಕಿನ್ನ."

ಅವಳು ತಟ್ಟೆಯನ್ನು ಗೋಡೆಗೆ ಒರಗಿಸಿಟ್ಟಳು.

"ಪಂಚಮಿಗೆ ನಾವೆಲ್ಲ ಒಡಪು ಹೇಳೂ ಮುಂದ ಆಕಿ ನೀರು ತರ್ತೀನಂತ ಎದ್ದು ಹೋಗ್ತಾಳ. ಹತ್ತೊಂಬತ್ತು ವರ್ಷ ನೋಡೇನಿ. ಕೊಡ ತುಂಬೇ ಇರ್ತೈತಿ, ಆದ್ರೂ ಹೋಗ್ತಾಳ. ಯಾರರ ಒಬ್ರು ಕೇಳಬೇಕಿತ್ತು. ನೀವು ಅಣ್ಣ, ನೀವು ಏನರ ಮಾಡ್ತೀರಂತ ನೋಡಿದೆ. ನೀವು ತಾಯಿ ಮ್ಯಾಲ ಹಾಡು ಬರಕೋತ ಕುಂತ್ರಿ."

"ಆಕಿಗೆ ಗೊತ್ತಿತ್ತೇನು, ನೀ ಕೇಳತೀ ಅಂತ?"

"ಗೊತ್ತಿದ್ರ ಅವತ್ತೂ ನೀರಿಗೆ ಹೋಗ್ತಿದ್ಲು."

ನನಗೆ ನಾಚಿಕೆಯಾಯಿತು. ಬೇರೆ ಯಾವ ಮಾತೂ ಅದಕ್ಕೆ ಹೊಂದುವುದಿಲ್ಲ. ಕಾಣದ ಹಿಮಾಲಯಕ್ಕೆ, ಅರೆಬರೆ ಕಂಡ ಕಡಲಿಗೆ ಪ್ರಾಸ ಹುಡುಕಿದವನಿಗೆ ನನ್ನ ಮನೆಯ ತುಂಬಿದ ಕೊಡ ಕಂಡಿರಲಿಲ್ಲ.

ಮೂರನೆಯ ದಿನ ಅಧ್ಯಕ್ಷರು ಮನೆಗೆ ಬಂದರು. ಮುಖ ಇಳಿದಿತ್ತು. ಅಧಿಕಾರಿಗಳು ಎರಡು ಸಲ ಫೋನು ಮಾಡಿದ್ದರಂತೆ. ವೃತ್ತದ ಫಲಕಕ್ಕೆ ಆ ಮಹನೀಯರ ಜೀವನವನ್ನು ನಾಲ್ಕು ಸಾಲಿನಲ್ಲಿ ಕಳಿಸಿ ಎಂದು.

"ಅಷ್ಟು ದೊಡ್ಡ ಸಾಹೇಬ್ರಿಗೆ ಹಿಂಗ ಹಿಂಗ ಆತಂತ ಹ್ಯಾಂಗ ಹೇಳ್ಲಿ ಮಾಸ್ತರ್ರ? ಮಂದಿ ಮುಂದ ಅವರು ಭಾಷಣ ಮಾಡ್ಯಾರ. ನೀವ ಏನರ ನಾಕು ಸಾಲು ಹೊಂದಿಸಿ ಕೊಡ್ರಿ. ಚಳವಳಿ, ಜೈಲು, ಕಾಲುವಿ, ಏನರ. ನಿಮಗೇನು ತ್ರಾಸಿನ ಕೆಲಸ?"

ತ್ರಾಸೇನೂ ಇರಲಿಲ್ಲ. 'ನಾಡಿಗಾಗಿ ನೆತ್ತರ ಹರಿಸಿ' ಎಂಬುದು ಪೆನ್ನು ಹಿಡಿಯುವ ಮೊದಲೇ ಬಂದು ಕೂತಿತು. ಅದನ್ನು ಬರೆದೂ ಬರೆದೆ. ಆಮೇಲೆ ಹಿಂದಿನ ರಾತ್ರಿಯ ಊಟದಲ್ಲಿ ತಂಗಿ ತಾನಾಗೇ ಹೇಳಿದ ಮಾತು ನೆನಪಾಯಿತು. ಗಂಡನ ಬಗ್ಗೆ ನಮ್ಮ ಮನೆಯಲ್ಲಿ ಅವಳು ಬಾಯಿಬಿಟ್ಟದ್ದು ಅದೇ ಮೊದಲು. ಬರೆದದ್ದಕ್ಕೆ ಅಡ್ಡಗೀಟು ಎಳೆದು, ಅವಳ ಮಾತನ್ನೇ ನಾಲ್ಕು ಸಾಲು ಮಾಡಿ ಕಾಗದ ಅಧ್ಯಕ್ಷರ ಕೈಗಿಟ್ಟೆ. ಅವರು ಕನ್ನಡಕ ಏರಿಸಿ, ಪ್ರತಿ ಪದಕ್ಕೂ ತಡೆದು ಓದಿದರು:

"ಹೊಳೆಆಲೂರಿನಲ್ಲಿ ಸುಟ್ಟ ಮೋಟಾರು ಕಟ್ಟುತ್ತಿದ್ದರು. ಕಟ್ಟಿ ಕೊಟ್ಟ ಮೇಲೆ ಹೊಲಕ್ಕೆ ತಾವೇ ಹೋಗಿ, ನೀರು ಬದುವಿನ ತುದಿ ಮುಟ್ಟುವ ತನಕ ನಿಂತು ನೋಡಿ ಬರುತ್ತಿದ್ದರು. ಕಾಮಾಲೆಯಿಂದ ತೀರಿಕೊಂಡರು. ಹೆಂಡತಿ ಹಾಡುತ್ತಾರೆ."

ಅಧ್ಯಕ್ಷರು ಕಾಗದದ ಹಿಂಬದಿಯನ್ನೂ ತಿರುವಿ ನೋಡಿದರು. ಅಲ್ಲಿ ಏನೂ ಇರಲಿಲ್ಲ.

"ಇದರಾಗ ದೇಶ ಎಲ್ಲೈತ್ರಿ ಮಾಸ್ತರ್ರ?" ಎಂದರು. ಕುಚೋದ್ಯಕ್ಕಲ್ಲ, ನಿಜವಾಗಿಯೂ ಹುಡುಕಿ ಸಿಗದೆ ಕೇಳಿದರು.

ಮೂವತ್ತು ವರ್ಷ ಅದೊಂದೇ ಪ್ರಶ್ನೆಗೆ ಉತ್ತರ ಬರೆದು ಶಾಲು ಹೊದ್ದವನಿಗೆ ಆ ಗಳಿಗೆಯಲ್ಲಿ ಏನೂ ತೋಚಲಿಲ್ಲ. ನಾನು ಗುಡ್ಡದ ಕಡೆ ನೋಡಿದೆ, ಅವರು ಕಾಗದದ ಕಡೆ ನೋಡಿದರು.

ಅಷ್ಟರಲ್ಲಿ ಅಡುಗೆಮನೆಯಿಂದ ದನಿ ಬಂತು.

"ಸಾಹುಕಾರ್ರ ಚಾಕ್ಕ ಸಕ್ಕರಿ ಹಾಕ್ಲೇನು?"

ಅಧ್ಯಕ್ಷರು ಎದ್ದು ನಿಂತರು. ಯೋಚಿಸಿ ನಿಂತದ್ದಲ್ಲ. ಆ ದನಿಗೆ ಹತ್ತೊಂಬತ್ತು ವರ್ಷ ಎದ್ದು ನಿಂತ ಮೈ ಅದು, ತಾನಾಗಿ ಎದ್ದಿತು. ಕಾಗದ ಕೈಯಿಂದ ಜಾರಿ ನೆಲಕ್ಕೆ ಬಿತ್ತು.

"ಹಾಕ್ರಿ ತಾಯಿ," ಎಂದುಬಿಟ್ಟರು.

ಅಂದ ಮೇಲೆ ಅವರಿಗೆ ಅರಿವಾಯಿತು. ಬಾಗಿಲ ಕಡೆ ನೋಡಿದರು, ನನ್ನ ಕಡೆ ನೋಡಿದರು, ಕೂರಬೇಕೋ ನಿಲ್ಲಬೇಕೋ ತಿಳಿಯದೆ ಖುರ್ಚಿಯ ತೋಳು ಹಿಡಿದುಕೊಂಡರು. ಚಹಾ ತರಲು ನಾನು ಎಂದಿನಂತೆ ಎದ್ದೆ. ಒಳಗಿನಿಂದ ಬಂದ ನನ್ನ ಹೆಂಡತಿ ಕಣ್ಣಿನಲ್ಲೇ ನನ್ನನ್ನು ಕೂರಿಸಿದಳು. ಅವಳ ಹಿಂದೆ, ಎರಡು ಕಪ್ಪು ಇಟ್ಟ ತಟ್ಟೆ ಹಿಡಿದು, ತಂಗಿ ಹೊಸ್ತಿಲು ದಾಟಿ ಪಡಸಾಲೆಗೆ ಬಂದಳು.

ಅಧ್ಯಕ್ಷರು ಇನ್ನೂ ನಿಂತೇ ಇದ್ದರು.